ಮಕ್ಕಳ ಸ್ಥೂಲತೆಯೂ ಥೈರಾಯಿಡ್ ಗ್ರಂಥಿಯೂ

ಮಗುವಿನ ಮೈ ತುಂಬಿರುವುದೇ ಮನೆಯ ಭಾಗ್ಯವೆಂದು ಎಣಿಸುತ್ತಿದ್ದ ಕಾಲವು ಕಳೆಯುತ್ತ ಬಂದಿದೆ. ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಅಧಿಕ ತೂಕದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 2.1 ಇದ್ದುದು 2019-21ರಲ್ಲಿ 3.4ಕ್ಕೆ ಏರಿತು. ಇದು ಪಟ್ಟಣಿಗರ ಪಿಡುಗೆಂದು ಶಿಕಾರಿಪುರ ತಾಲ್ಲೂಕಿನ ಅಂಜನಾಪುರದಂತಹ ಹೋಬಳಿಯವರು ನಿಶ್ಚಿಂತರಾಗಿರುವಂತಿಲ್ಲ. ಕುರುಕು ತಿಂಡಿಯ ಪೊಟ್ಟಣವೂ ಸಿಹಿ ಪಾನೀಯವೂ ಹಳ್ಳಿಯ ಅಂಗಡಿಯನ್ನು ಸೇರಿ ಬಹುಕಾಲವಾಯಿತು.

ಮಗು ದಪ್ಪವಾದೊಡನೆ ಜನರು ಥೈರಾಯಿಡ್ ಗ್ರಂಥಿಯನ್ನು ದೂರುವುದು ಈಗಿನ ರೂಢಿ. ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಕೊಂಚ ಹೆಚ್ಚಿದೆಯೆಂದು ಕಂಡರಂತೂ ತಂದೆತಾಯಿಗಳು ಮಾತ್ರೆಯನ್ನೇ ಬೇಡುವರು. ಇಲ್ಲಿ ಕಾರ್ಯವನ್ನು ಕಾರಣವೆಂದು ಭ್ರಮಿಸಲಾಗುತ್ತಿದೆ ಎಂಬುದೇ ನಮ್ಮ ಆಕ್ಷೇಪ.

ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯದ ಕೆಳಗಿನ ರೈತರಿಗೆ ಈ ವಿಷಯವು ಸುಲಭವಾಗಿ ತಿಳಿಯತಕ್ಕದ್ದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ತೂಬನ್ನೆತ್ತೆಂದು ನೀರಗಂಟಿಗೆ ಕಳುಹುವ ಅಪ್ಪಣೆಯೇ ಟಿ.ಎಸ್.ಎಚ್.; ಥೈರಾಯಿಡ್ ಗ್ರಂಥಿಯು ಬಿಡುವ ನೀರೇ ಥೈರಾಕ್ಸಿನ್. ಸ್ಥೂಲಕಾಯದ ಮಕ್ಕಳಲ್ಲಿ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಮೊದಲಾದ ರಸಗಳ ಪ್ರೇರಣೆಯಿಂದ ಅಪ್ಪಣೆಯ ದನಿ ಸ್ವಲ್ಪ ಏರುವುದುಂಟು. ಆದರೆ ಗದ್ದೆಗೆ ನೀರು ಬೇಕಾದಷ್ಟು ಹರಿಯುತ್ತಲೇ ಇರುತ್ತದೆ. ತೂಕವಿಳಿದರೆ ಆ ದನಿಯೂ ಬಹುಮಟ್ಟಿಗೆ ತಾನಾಗಿ ತಗ್ಗುತ್ತದೆ. ಅಂತಹ ಮಗುವಿಗೆ ಥೈರಾಕ್ಸಿನ್ ಮಾತ್ರೆ ನುಂಗಿಸಿದರೆ ಬೊಜ್ಜು ಕರಗದು. ಮಾತ್ರೆ ಮಿತಿಮೀರಿದರೆ ಎದೆಬಡಿತವೇರುವುದು, ಎಲುಬು ಸವೆಯುವುದು.

ಹಾಗೆಂದು ಗ್ರಂಥಿಯ ನಿಜವಾದ ರೋಗವನ್ನು ಕಡೆಗಣಿಸುವುದು ಇನ್ನೂ ದೊಡ್ಡ ಅನ್ಯಾಯ. ಇವೆರಡನ್ನೂ ಬೇರ್ಪಡಿಸುವ ಮೊದಲ ಉಪಕರಣವು ಪ್ರಯೋಗಶಾಲೆಯಲ್ಲಿಲ್ಲ, ಶಾಲೆಯ ಗೋಡೆಯ ಮೇಲಿದೆ. ಅದು ಎತ್ತರದ ಅಳತೆಪಟ್ಟಿ. ತಿಂಡಿಯಿಂದ ದಪ್ಪಗಾದ ಮಗುವು ಸಾಮಾನ್ಯವಾಗಿ ಓರಗೆಯವರಷ್ಟೇ, ಅಥವಾ ಅವರಿಗಿಂತ ಹೆಚ್ಚು ಎತ್ತರವಾಗಿರುತ್ತದೆ. ಗ್ರಂಥಿಯು ಸೋತ ಮಗುವಿನ ತೂಕ ಸ್ವಲ್ಪ ಏರಿದರೂ ಎತ್ತರದ ಬೆಳವಣಿಗೆ ಕುಂಠಿತವಾಗುತ್ತದೆ. ಜಡತೆ, ಮಲಬದ್ಧತೆ, ಚಳಿ ತಾಳದಿರುವಿಕೆ, ಗಳಗಂಡ ಇವುಗಳೂ ತೋರಬಹುದು. ಇಂಥವರಿಗೆ ಆ ಮಾತ್ರೆಯೇ ಸಂಜೀವಿನಿ. ಅದನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಲಾಗದು.

ಐದನೆಯ ವರ್ಷದಿಂದ ಪ್ರಾಯಕ್ಕೆ ಬರುವವರೆಗೆ ಮಗುವು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರು ಬೆಳೆಯುವುದು ಸಹಜ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸರಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯನ್ನು ವಿಧಿಸಿದೆ. ಆ ದಿನ ತೂಕದ ಜೊತೆಗೆ ಎತ್ತರವನ್ನೂ ನಿಷ್ಠೆಯಿಂದ ಬರೆದು, ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿ ತಂದೆತಾಯಿಗಳಿಗೆ ತೋರಿಸಬೇಕೆಂದು ಶಾಲೆಯ ಉಪಾಧ್ಯಾಯರನ್ನೂ ಪಂಚಾಯತಿಯವರನ್ನೂ ಕೋರುತ್ತೇವೆ. ಬೆಳವಣಿಗೆ ನಿಂತ ಮಗು ತಡವಿಲ್ಲದೆ ವೈದ್ಯರ ಬಳಿಗೆ ಹೋಗಲಿ.

ಎತ್ತರವಾಗಿ ಬೆಳೆಯುತ್ತಲೇ ದಪ್ಪಗಾಗುತ್ತಿರುವ ಮಗುವಿಗಾದರೋ ಮನೆಯವರೆಲ್ಲರ ಊಟದ ಕ್ರಮ ತಿದ್ದಬೇಕು, ಸಂಜೆಯ ಆಟ ಮರಳಬೇಕು. ಮನೆಯ ಅಡಿಗೆಗೆ ಅಯೋಡಿನ್ ಬೆರೆತ ಉಪ್ಪೇ ಇರಲಿ. ಅದು ಗ್ರಂಥಿಯನ್ನು ಕಾಯುವುದು, ಬೊಜ್ಜನ್ನು ಇಳಿಸದು. ಬೊಜ್ಜಿಳಿಸುವ ಹೊಣೆಯನ್ನು ಕೊರಳಿನ ಒಂದು ಸಣ್ಣ ಗ್ರಂಥಿಯ ತಲೆಗೆ ಕಟ್ಟಿ ಹಿರಿಯರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.