ನೋಡಿ ಬರೆಯುವ ಅಭ್ಯಾಸ

ಯಾವ ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತೆರೆದರೂ ಅದರಲ್ಲಿ ಕೋಗಿಲೆಯ ಮೇಲೆ ಒಂದಾದರೂ ಕವನ ಇದ್ದೇ ಇರುತ್ತದೆ. ಆ ಕವನದ ಕೋಗಿಲೆ ಸಾಮಾನ್ಯವಾಗಿ ಹೆಣ್ಣು. ಮಾವಿನ ಚಿಗುರನ್ನು ಮೆದ್ದು ಇಂಪಾಗಿ ಹಾಡುವವಳು. ಆದರೆ ಹೊರಗೆ ಮರದಲ್ಲಿ ಕುಳಿತು 'ಕುಹೂ' ಎಂದು ಕೂಗುವ ಹಕ್ಕಿ ಗಂಡು. ಮೈಯೆಲ್ಲ ಮಿರುಗುವ ಕಪ್ಪು ಬಣ್ಣವಿರುವುದು ಅದಕ್ಕೇ. ಹೆಣ್ಣಿನದು ಕಂದು ಮೈ, ಅದರ ತುಂಬ ಬಿಳಿಯ ಚುಕ್ಕೆ. ಅದರ ಕೂಗು 'ಕಿಕ್ ಕಿಕ್' ಎಂಬ ಒರಟು ಸದ್ದು. ಇನ್ನು ಆಹಾರವೋ, ಮುಖ್ಯವಾಗಿ ಹಣ್ಣು, ಚಿಗುರಲ್ಲ.

ಕವಿಮಿತ್ರರನ್ನು ಹಾಸ್ಯ ಮಾಡುವುದಕ್ಕಾಗಿ ಈ ಮಾತನ್ನು ಎತ್ತಲಿಲ್ಲ. ಅವರ ಕಿಟಕಿಯ ಹೊರಗೇ ಆ ಹಕ್ಕಿ ಕೂಗುತ್ತಿರುತ್ತದೆ. ಆದರೂ ಲೇಖನಿ ಹಿಡಿದೊಡನೆ ನಾವೆಲ್ಲರೂ ಹೊರಗೆ ನೋಡುವುದನ್ನು ಬಿಟ್ಟು ಹಿಂದೆ ಓದಿದ್ದನ್ನು ನೆನೆಯುತ್ತೇವೆ. ಬೇರೆಯವರು ಕಂಡದ್ದನ್ನು ನಮ್ಮದೆಂದು ಬರೆಯುತ್ತೇವೆ. ಈ ಎರವಲು ದೃಷ್ಟಿಗೆ ಒಂದು ಒಳ್ಳೆಯ ಮದ್ದಿದೆ. ಅದೇ ನಿಸರ್ಗದ ದಿನಚರಿ. ಎಂದರೆ, ಸುತ್ತಲಿನ ಮರ, ಹಕ್ಕಿ, ಹುಳು, ಮಳೆಗಳನ್ನು ಕಣ್ಣಾರೆ ಕಂಡು, ತಾರೀಖು ಹಾಕಿ, ನಾಲ್ಕು ಮಾತಿನಲ್ಲಿಯೂ ಒಂದು ಚಿತ್ರದಲ್ಲಿಯೂ ಬರೆದಿಡುವ ಪುಸ್ತಕ.

ಇದು ವಿಜ್ಞಾನದ ವಿದ್ಯಾರ್ಥಿಗಳ ಕೆಲಸ, ನಮಗೇಕೆ ಎಂದು ನಮ್ಮ ಕಲಾ ವಿಭಾಗದ ಮಿತ್ರರು ಕೇಳಬಹುದು. ಈ ಕೆಲಸದಲ್ಲಿ ಹೆಸರಾದವರಲ್ಲಿ ಗಿಲ್ಬರ್ಟ್ ವೈಟ್ ಒಬ್ಬ. ಅವನು ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ. ಒಂದೇ ಬಗೆಯಾಗಿ ಕಾಣುವ ಪುಟ್ಟ ಹಕ್ಕಿಗಳಲ್ಲಿ ಮೂರು ಜಾತಿಗಳಿವೆಯೆಂದು ಅವನು ಗುರುತಿಸಿದ್ದು ಮುಖ್ಯವಾಗಿ ಅವುಗಳ ಕೂಗನ್ನು ಆಲಿಸಿ. 1789ರಲ್ಲಿ ಪ್ರಕಟವಾದ ಅವನ ಪುಸ್ತಕ ಇಂದಿಗೂ ಬದುಕಿದೆ. ಅಮೆರಿಕದ ಥೋರೋ ಕೂಡ ಪ್ರಯೋಗಶಾಲೆಯ ಮನುಷ್ಯನಲ್ಲ. ಭೂಮಿ ಅಳೆಯುತ್ತ, ಬರೆಯುತ್ತ ಬಾಳಿದವನು. ಇತ್ತ ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅವರು 'ಹಸುರು ಹೊನ್ನು' ಆಗಿಸಿದರು. ಅದರ ಚಿತ್ರಗಳನ್ನೂ ತಾವೇ ಬರೆದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿಜ್ಞಾನಿ ಸಾಹಿತ್ಯದ ಅಂಗಳಕ್ಕೆ ಅಷ್ಟು ಸಲೀಸಾಗಿ ಬಂದಿರುವಾಗ, ಸಾಹಿತ್ಯದ ವಿದ್ಯಾರ್ಥಿ ಮರದ ಬುಡಕ್ಕೆ ಹೋಗಲು ಸಂಕೋಚಪಡಬೇಕೆ?

ಹೊಸಬರಿಗೆ ಮೂರು ಅಳುಕುಗಳಿರುತ್ತವೆ. ನಮ್ಮೂರಿನಲ್ಲಿ ಕಾಡಿಲ್ಲ, ನನಗೆ ಚಿತ್ರ ಬರೆಯಲು ಬಾರದು, ಹೆಸರುಗಳು ತಿಳಿಯವು ಎಂದು.

ಕಾಡು ಬೇಕಾಗಿಯೇ ಇಲ್ಲ. ದಿನವೂ ಓಡಾಡುವ ದಾರಿಯ ಒಂದು ಹೊಂಗೆಯ ಮರ ಸಾಕು. ವಾರಕ್ಕೊಮ್ಮೆ ಕಾಲು ಗಂಟೆ ಅದರ ಕೆಳಗೆ ನಿಲ್ಲಿರಿ. ಬೇಸಗೆಯ ಮೊದಲಲ್ಲಿ ಎಲೆ ಉದುರಿದ್ದು, ಎಳೆಹಸುರಿನ ಚಿಗುರು ಮೂಡಿದ್ದು, ಆಮೇಲೆ ನೆಲದ ಮೇಲೆ ಅರಳು ಚೆಲ್ಲಿದಂತೆ ಹೂ ಬಿದ್ದದ್ದು, ಹೀಗೆ ಒಂದೊಂದನ್ನೂ ತಾರೀಖಿನೊಡನೆ ಬರೆಯಿರಿ. ತಾರೀಖಿನ ಪಕ್ಕದಲ್ಲಿ ನಮ್ಮ ರೈತರ ಲೆಕ್ಕದ ಮಳೆಯ ಹೆಸರನ್ನೂ ಸೇರಿಸಿದರೆ ಇನ್ನೂ ಚೆನ್ನು: ಭರಣಿ, ಕೃತ್ತಿಕೆ, ರೋಹಿಣಿ. ಒಂದೊಂದು ನಕ್ಷತ್ರಕ್ಕೂ ಹದಿಮೂರು ಹದಿನಾಲ್ಕು ದಿನಗಳನ್ನು ಕೊಟ್ಟು ವರ್ಷವನ್ನು ಇಪ್ಪತ್ತೇಳಾಗಿ ಹಂಚಿದ ಆ ರೈತರೂ ಒಂದು ಬಗೆಯ ದಿನಚರಿ ಇಟ್ಟವರೇ, ಬರೆಯಲಿಲ್ಲ, ಅಷ್ಟೆ.

ಚಿತ್ರದ ಮಾತು. ಕೈಯಲ್ಲಿ ಮೊಬೈಲ್ ಇರುವಾಗ ಪೆನ್ಸಿಲ್ ಏತಕ್ಕೆ ಎನ್ನುವವರಿದ್ದಾರೆ. ಫೋಟೋ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಫೋಟೋ ತೆಗೆಯುವುದಕ್ಕೆ ನೋಡಬೇಕಾಗಿಲ್ಲ; ಚಿತ್ರ ಬರೆಯುವುದಕ್ಕೆ ನೋಡಲೇಬೇಕು. ಹೊಂಗೆಯ ಎಲೆಯನ್ನು ಬರೆಯಲು ಹೊರಟವನು ಮೊದಲು ಎಣಿಸಬೇಕಾಗುತ್ತದೆ. ಆಗ, ತಾನು ಇಷ್ಟು ದಿನ ಒಂದು ಎಲೆ ಎಂದುಕೊಂಡದ್ದು ಪೂರ್ಣ ಎಲೆಯಲ್ಲ, ಒಂದೇ ಕಡ್ಡಿಗೆ ಐದೋ ಏಳೋ ಕಿರಿಯೆಲೆಗಳು ಸೇರಿ ಒಂದು ಎಲೆಯಾಗಿದೆ ಎಂಬುದು ತಿಳಿಯುತ್ತದೆ. ತುದಿಯಲ್ಲಿ ಜೋಡಿಯಿಲ್ಲದ ಒಂದು ಒಂಟಿಯಾಗಿ ನಿಂತಿರುವುದೂ ಕಾಣುತ್ತದೆ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಅದರ ಪಕ್ಕದಲ್ಲಿ ಬಾಣದ ಗುರುತು ಹಾಕಿ, ಬಣ್ಣವೇನು, ಉದ್ದ ಎಷ್ಟು ಬೆರಳು ಎಂದು ಬರೆದರೆ ಚಿತ್ರದ ಕೊರತೆಯನ್ನು ಮಾತು ತುಂಬುತ್ತದೆ.

ಹೆಸರು ತಿಳಿಯದಿದ್ದರೆ 'ಬಾಲ ಕವಲಾದ ಕರಿಯ ಹಕ್ಕಿ' ಎಂದೇ ಬರೆದುಕೊಂಡು, ಊರಿಗೆ ಹೋದಾಗ ಹಿರಿಯರನ್ನು ಕೇಳಿರಿ. ಕಾಜಾಣ, ಗೊರವಂಕ, ಪಿಕಳಾರ, ಕೆಂಬೂತ, ಮಡಿವಾಳ ಹಕ್ಕಿ—ಈ ಹೆಸರುಗಳು ಹೆಚ್ಚಾಗಿ ಉಳಿದಿರುವುದು ದನ ಕಾಯ್ದವರ, ಹೊಲದಲ್ಲಿ ದುಡಿದವರ ನಾಲಗೆಯ ಮೇಲೆ. ಸೀಮೆಯಿಂದ ಸೀಮೆಗೆ ಹೆಸರು ಬೇರೆಯಾಗುವುದೂ ಉಂಟು. ನಮ್ಮ ಅಜ್ಜಿ ತಾತಂದಿರನ್ನು ನಾವು ಈಗ ಕೇಳದೆ ಹೋದರೆ ಮುಂದೆ ಕೇಳಲು ಅವರಿರುವುದಿಲ್ಲ. ದಿನಚರಿಯನ್ನು ಕನ್ನಡದಲ್ಲಿಯೇ ಇಡಬೇಕೆಂದು ನಾನು ಹೇಳುವುದು ಈ ಕಾರಣಕ್ಕಾಗಿ.

ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಪಾಲಿಸಬೇಕು. ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸಕೂಡದು. 'ಕಾಗೆ ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಯಿತು' ಎಂಬುದು ಕಂಡದ್ದು; 'ಅದರ ಗೂಡಿನಲ್ಲಿ ಮೊಟ್ಟೆಯಿಡಲು ಬಂದಿರಬೇಕು' ಎಂಬುದು ಊಹೆ. ಎರಡಕ್ಕೂ ಜಾಗವಿರಲಿ, ಬೇರೆ ಬೇರೆಯಾಗಿರಲಿ. ಹೀಗೆ ಮಾಡಿದರೆ ಕಲ್ಪನೆ ಸತ್ತುಹೋಗುತ್ತದೆಂಬ ಭಯ ಬೇಡ. ಉಪಮೆ ಹುಟ್ಟುವುದೇ ನೋಟದಿಂದ. ಕೆಂಬೂತದ ನಡೆಯನ್ನು ಹತ್ತು ದಿನ ನೋಡಿದವನಿಗೆ ಹೊಳೆಯುವ ಹೋಲಿಕೆ ಯಾವ ಅಲಂಕಾರ ಗ್ರಂಥದಲ್ಲಿಯೂ ಸಿಕ್ಕದು.

ಇದರಿಂದ ಲೋಕಕ್ಕೇನು ಲಾಭ ಎಂಬ ಪ್ರಶ್ನೆಗೂ ಉತ್ತರವಿದೆ. 1850ರ ದಶಕದಲ್ಲಿ ಥೋರೋ ತನ್ನ ಕಾನ್‌ಕಾರ್ಡ್ ಊರಿನಲ್ಲಿ ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತೆಂದು ಬರೆದಿಟ್ಟಿದ್ದ. ಒಂದೂವರೆ ಶತಮಾನದ ಅನಂತರ ವಿಜ್ಞಾನಿಗಳು ಆ ಪಟ್ಟಿಯನ್ನು ಹಿಡಿದು ಅದೇ ಊರಿನ ಗಿಡಗಳನ್ನು ನೋಡಿದರು. ಅವು ಸರಾಸರಿ ಒಂದು ವಾರದಷ್ಟು ಮುಂಚೆಯೇ ಹೂ ಬಿಡುತ್ತಿವೆಯೆಂದು 2008ರಲ್ಲಿ ಪ್ರಕಟಿಸಿದರು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಒಬ್ಬ ಲೇಖಕನ ದಿನಚರಿ ಸಾಕ್ಷಿಯಾಯಿತು. ನಮ್ಮ ಊರಿನ ಹೊಂಗೆ, ಬೇವು, ಮುತ್ತುಗಗಳ ಮಾತೇನು? 'ಈಗ ಕಾಲವೇ ಕೆಟ್ಟಿತು' ಎಂದು ಎಲ್ಲರೂ ಹೇಳುತ್ತಾರೆ. ಯಾವ ವರ್ಷ, ಎಷ್ಟು ದಿನ ಎಂದು ಕೇಳಿದರೆ ತೋರಿಸಲು ಪುಸ್ತಕವಿಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಪ್ರತಿ ತರಗತಿಯವರೂ ಕಾಲೇಜಿನ ಆವರಣದ ಒಂದು ಮರವನ್ನು ಆರಿಸಿಕೊಳ್ಳಲಿ. ಸರದಿಯಂತೆ ವಾರಕ್ಕೊಬ್ಬರು ಬರೆಯಲಿ. ವರ್ಷದ ಕೊನೆಗೆ ಆ ಪುಸ್ತಕವನ್ನು ಗ್ರಂಥಾಲಯಕ್ಕೆ ಒಪ್ಪಿಸಿ, ಮುಂದಿನ ವರ್ಷದವರಿಗೆ ಅದೇ ಮರವನ್ನು ವಹಿಸಿಕೊಡಲಿ. ಇದಕ್ಕೆ ಬೇಕಾದದ್ದು ಗೆರೆಯಿಲ್ಲದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಮತ್ತು ಮೇಲ್ವಿಚಾರಣೆಗೆ ಒಪ್ಪುವ ಒಬ್ಬ ಅಧ್ಯಾಪಕರು. ಮೊದಲಿನ ಎರಡನ್ನು ನಾವು ತರುತ್ತೇವೆ. ಮೂರನೆಯದನ್ನು ನಮ್ಮ ಗುರುಗಳು ದಯಪಾಲಿಸಬೇಕು.