ಕಂಪನಿ ಓದಿಸುವ ಪದವಿ: 22 ತಿಂಗಳ ಲೆಕ್ಕ ಎಲ್ಲಿ ಹೋಯಿತು?

ಸೈಬರ್ ಭದ್ರತೆಯ ಎಂ.ಟೆಕ್‌ಗೆ ಕಂಪನಿಯೇ ಶುಲ್ಕ ಕಟ್ಟುತ್ತದೆ ಎಂದರೆ ಸೇರಬೇಕೇ, ಬಿಡಬೇಕೇ? ಸೇರಿ. ಆದರೆ ಮಧ್ಯದಲ್ಲಿ ಕೆಲಸ ಬಿಟ್ಟರೆ ಕಟ್ಟಬೇಕಾದ ಮರುಪಾವತಿಯ ಮೊತ್ತ ನೀವು ದುಡಿದ ಪ್ರತಿ ತಿಂಗಳಿಗೂ ಇಳಿಯುತ್ತ ಹೋಗುತ್ತದೆ ಎಂಬ ಸಾಲು ಸೇವಾ ಬಾಂಡ್‌ನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ‘ಪುಕ್ಕಟೆ ಬರುವ ಪದವಿಗೆ ಇಷ್ಟೇಕೆ ಯೋಚನೆ’ ಎನ್ನುವವರು, 2025ರ ಮೇ 14ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪೂರ್ತಿ ಓದಿಲ್ಲ.

ವಿಜಯ ಬ್ಯಾಂಕ್‌ನ ಆ ಪ್ರಕರಣದಲ್ಲಿ ‘ಬಾಂಡ್ ಸಿಂಧು’ ಎಂಬುದು ಎಲ್ಲರ ಬಾಯಲ್ಲೂ ಬಂತು, ಎರಡು ಲಕ್ಷ ರೂಪಾಯಿಯ ಮಾತೂ ಬಂತು. 22 ತಿಂಗಳ ಮಾತು ಬರಲೇ ಇಲ್ಲ. ಬಾಂಡ್ ಪ್ರಶ್ನಿಸಿ ಕೋರ್ಟ್‌ಗೆ ಹೋದ ಅಧಿಕಾರಿ ಬಾಂಡ್ ಇದ್ದ ಹುದ್ದೆಗೆ ಸೇರಿದ್ದು 2007ರ ಸೆಪ್ಟೆಂಬರ್ ಕೊನೆಯಲ್ಲಿ, ರಾಜೀನಾಮೆ ಕೊಟ್ಟದ್ದು 2009ರ ಜುಲೈನಲ್ಲಿ. ಕರಾರಿನ ಪ್ರಕಾರ ಕನಿಷ್ಠ ಮೂರು ವರ್ಷ ಇರಬೇಕಿತ್ತು, ಇಲ್ಲವಾದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕಿತ್ತು. ಅಂದರೆ 36 ತಿಂಗಳಲ್ಲಿ ಸುಮಾರು 22 ತಿಂಗಳ ದುಡಿಮೆ ಆಗಲೇ ಸಂದಿತ್ತು. ಬಾಕಿ ಉಳಿದ 14 ತಿಂಗಳಿಗಷ್ಟೇ ಲೆಕ್ಕ ಹಾಕಿದ್ದರೆ ಅವರು ಕಟ್ಟಬೇಕಾದ್ದು ಹೆಚ್ಚುಕಡಿಮೆ 78 ಸಾವಿರ ರೂಪಾಯಿ. ಕಟ್ಟಿದ್ದು ಪೂರ್ತಿ ಎರಡು ಲಕ್ಷ. ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿದರು, ಕರ್ನಾಟಕ ಹೈಕೋರ್ಟ್‌ನಲ್ಲಿ ಗೆದ್ದರು, ಕೆಲಸ ಬಿಟ್ಟು ಹದಿನಾರು ವರ್ಷ ಆಗುವ ಹೊತ್ತಿಗೆ ಸುಪ್ರೀಂ ಕೋರ್ಟ್‌ನಲ್ಲಿ ಸೋತರು.

ಕರಾರು ಕಾಯ್ದೆಯ 74ನೇ ಸೆಕ್ಷನ್ ಇದೆಯಲ್ಲ, ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಕೇಳಬಹುದಲ್ಲ ಎಂದು ವಕೀಲ ಮಿತ್ರರು ಹೇಳುತ್ತಾರೆ. ಸರಿಯಾದ ಮಾತೇ. ಆದರೆ ಮುಂದಿನ ತಿಂಗಳು ಹೊಸ ಕಂಪನಿ ಸೇರಬೇಕಾದವನ ಕೈಗೆ ಈಗ ಬೇಕಿರುವುದು ರಿಲೀವಿಂಗ್ ಲೆಟರ್. ಅದಕ್ಕಾಗಿ ಅವನು ಕೇಳಿದಷ್ಟೂ ಕಟ್ಟುತ್ತಾನೆ. ಹದಿನಾರು ವರ್ಷ ಕಾಯುವ ಶಕ್ತಿ ಎಷ್ಟು ಜನರಿಗಿದೆ?

ಎರಡು ಲಕ್ಷವನ್ನು ಕೋರ್ಟ್ ಎತ್ತಿಹಿಡಿಯಲು ಕಾರಣಗಳಿದ್ದವು. ಸಾರ್ವಜನಿಕ ಬ್ಯಾಂಕ್ ಒಂದು ಹುದ್ದೆ ತುಂಬಲು ಮತ್ತೆ ಬಹಿರಂಗ ನೇಮಕಾತಿ ನಡೆಸಬೇಕು, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಮೊತ್ತವೂ ವಿಪರೀತವಲ್ಲ ಎಂದಿತು. ಖಾಸಗಿ ಕಂಪನಿಗೆ ಮೊದಲನೆಯ ಕಾರಣ ಅನ್ವಯಿಸುವುದಿಲ್ಲ. ಆದರೆ ಅದೇ ತೀರ್ಪಿನಲ್ಲಿ ಮರುಕೌಶಲ ತರಬೇತಿ, ವಿರಳ ಪರಿಣತರನ್ನು ಉಳಿಸಿಕೊಳ್ಳುವ ಅಗತ್ಯ ಇವನ್ನೂ ಸಾರ್ವಜನಿಕ ನೀತಿಯ ಹೊಸ ಅಂಶಗಳೆಂದು ಪರಿಗಣಿಸಬೇಕು ಎಂಬ ಮಾತಿದೆ. ಸೈಬರ್ ಭದ್ರತೆಯ ಪದವಿಗೆ ಅದು ಅಳತೆ ತೆಗೆದು ಹೊಲಿಸಿದಂತೆ ಹೊಂದುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಅವಧಿ ಶುರುವಾಗುವ ದಿನ. ‘ಎರಡು ವರ್ಷದ ಬಾಂಡ್’ ಎಂದು ಕೇಳಿದವರು ಎರಡು ವರ್ಷ ಎಂದೇ ನಂಬುತ್ತಾರೆ. ಪದವಿ ಮುಗಿದ ದಿನದಿಂದ ಎಂದು ಬರೆದಿದ್ದರೆ ನಾಲ್ಕು ಸೆಮಿಸ್ಟರ್ ಸೇರಿ ನಾಲ್ಕು ವರ್ಷ. ಈ ನಡುವೆ ನೈಟ್ ಶಿಫ್ಟ್ ಮುಗಿಸಿ ಬಂದು ಶನಿವಾರ ಬೆಳಿಗ್ಗೆ ತರಗತಿಗೆ ಕೂರುವ ಹುಡುಗಿ ಕಂಪನಿಗೆ ದುಡಿಯುತ್ತಲೇ ಇರುತ್ತಾಳೆ. ಆ ಎರಡು ವರ್ಷ ಲೆಕ್ಕಕ್ಕೆ ಬರುವುದಿಲ್ಲ ಎಂದರೆ ಅನ್ಯಾಯ.

ಬೇರೆ ದಾರಿ ಇಲ್ಲದೇ ಇಲ್ಲ. ಬಿಸಿಎ, ಬಿಎಸ್‌ಸಿ ಪದವೀಧರರನ್ನು ಸೇರಿಸಿಕೊಂಡು ಎಂ.ಟೆಕ್ ಓದಿಸುವ ವಿಪ್ರೊ ಯೋಜನೆಯಲ್ಲಿ 60 ತಿಂಗಳ ಸೇವಾ ಕರಾರು ಇದೆ, ಅವಧಿ ದೀರ್ಘವೇ. ಆದರೆ ಮಧ್ಯದಲ್ಲಿ ಬಿಟ್ಟವರಿಂದ ಸೇರ್ಪಡೆ ಬೋನಸ್ಸಾದ 75 ಸಾವಿರ ರೂಪಾಯಿಯನ್ನು ಉಳಿದ ಅವಧಿಗೆ ತಕ್ಕಂತೆ ವಾಪಸ್ ಪಡೆಯುವುದು ಅಲ್ಲಿನ ಪ್ರಕಟಿತ ನಿಯಮ. ಬಾಕಿಗೆ ತಕ್ಕ ವಸೂಲಿ ಎಂಬುದು ಹೊಸ ಬೇಡಿಕೆ ಏನಲ್ಲ.

ಪದವಿಯ ಬೆಲೆಯನ್ನೂ ಹಿಗ್ಗಿಸಿ ನೋಡಬೇಡಿ. ಈ ಕ್ಷೇತ್ರದವರು ಗೌರವಿಸುವ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅನುಭವ ಬೇಕು. ಪದವಿಗೆ ಸಿಗುವ ವಿನಾಯಿತಿ ಹೆಚ್ಚೆಂದರೆ ಒಂದು ವರ್ಷ. ಕಂಪ್ಯೂಟರ್ ಸೈನ್ಸ್ ಬಿ.ಇ. ಮಾಡಿದವರಿಗೆ ಅದು ಈಗಾಗಲೇ ಇದೆ, ಎಂ.ಟೆಕ್ ಎರಡನೆಯ ವರ್ಷದ ವಿನಾಯಿತಿಯನ್ನು ಕೊಡುವುದಿಲ್ಲ. ಕ್ರಿಪ್ಟೋಗ್ರಫಿಯನ್ನು ಆಳವಾಗಿ ಕಲಿಯಬೇಕು, ಸಂಶೋಧನೆಗೆ ಹೋಗಬೇಕು ಎನ್ನುವವರಿಗೆ ಈ ಓದು ಬೇಕೇ ಬೇಕು. ಬರೀ ಬಡ್ತಿಗಾಗಿ ನಾಲ್ಕು ವರ್ಷ ಒತ್ತೆಯಿಡುವುದು ದುಬಾರಿ.

ಚೌಕಾಸಿಗೆ ಇದು ಸಕಾಲ. ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ವರದಿ ಕೊಡಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ನಿಮ್ಮ ಅಗತ್ಯ ಕಂಪನಿಗೆ ಈಗ ಹೆಚ್ಚಿದೆ. ಅವಧಿ ಪ್ರವೇಶದ ದಿನದಿಂದ ಶುರುವಾಗಲಿ, ಮೊತ್ತ ತಿಂಗಳು ತಿಂಗಳಿಗೂ ಇಳಿಯಲಿ, ಕಂಪನಿಯೇ ಕೆಲಸದಿಂದ ತೆಗೆದರೆ ಪೂರ್ತಿ ಮನ್ನಾ ಆಗಲಿ. ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ಕೇಳುವುದಾದರೆ ಮೊದಲ ಸೆಮಿಸ್ಟರ್‌ನ ಶುಲ್ಕ ಕಟ್ಟುವ ಮೊದಲೇ ಕೇಳಿ.