ಶಬ್ದವಿಚಾರ: ಮಾರ್ದನಿ

ಇಂಗ್ಲಿಷಿನ ‘ರಿವರ್ಬರೇಟ್’ ಎಂಬ ಕ್ರಿಯಾಪದವನ್ನು ನಾವು ಕನ್ನಡದಲ್ಲಿ ಮಾರ್ದನಿಗೊಡು ಎಂದೂ ಅನುರಣಿಸು ಎಂದೂ ಹೇಳುತ್ತೇವೆ. ಎರಡೂ ಸಲ್ಲುವ ಮಾತುಗಳೇ. ಆದರೆ ಮೂರರ ಹುಟ್ಟೂ ಬೇರೆ ಬೇರೆ. ಲ್ಯಾಟಿನ್ ಭಾಷೆಯಲ್ಲಿ ‘ವೆರ್ಬೆರ’ ಎಂದರೆ ಚಾವಟಿ, ಚಾವಟಿಯ ಏಟು. ‘ರೆ’ ಎಂದರೆ ಹಿಂದಕ್ಕೆ. ಹೊಡೆದು ಹಿಮ್ಮೆಟ್ಟಿಸುವುದೇ ಇಂಗ್ಲಿಷ್ ಪದದ ಮೂಲಾರ್ಥ. ತಾಮ್ರದ ಅದಿರನ್ನು ಕರಗಿಸುವ ಒಂದು ಬಗೆಯ ಕುಲುಮೆಗೂ ಇದೇ ಪದದಿಂದ ಹೆಸರು ಬಂದಿದೆ. ಅಲ್ಲಿ ಶಾಖವು ಮೇಲಿನ ಕಮಾನಿಗೆ ತಗುಲಿ ಅದಿರಿನ ಮೇಲೆ ಮರಳುತ್ತದೆ.

ನಮ್ಮ ಮಾರ್ದನಿಯಲ್ಲಿ ಚಾವಟಿಯಿಲ್ಲ. ‘ದನಿ’ಯು ಧ್ವನಿಯ ತದ್ಭವ. ‘ಮಾರು’ ಎಂಬುದು ಮಾರುತ್ತರ, ಮಾರ್ನುಡಿ ಎಂಬಲ್ಲಿ ಕಾಣುವ ಅಚ್ಚಗನ್ನಡ ಶಬ್ದ. ಸಂತೆಯಲ್ಲಿ ಸರಕು ಮಾರುವ ‘ಮಾರು’ ಸಹ ಇದರ ಬಂಧುವೇ. ಕೊಟ್ಟದ್ದಕ್ಕೆ ಪ್ರತಿಯಾಗಿ ಬರುವ ಭಾವ ಎರಡರಲ್ಲಿಯೂ ಇದೆ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ ಕೂಗುವ ಮಗುವಿಗೆ ಬಂಡೆ ಓಗೊಟ್ಟಿತೆಂದೇ ತೋರುವುದಲ್ಲದೆ ಹೊಡೆಯಿತೆಂದು ತೋರದು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಬಂಡೆಯು 17 ಮೀಟರಿಗಿಂತ ದೂರವಿದ್ದರೆ ಮರಳಿದ ದನಿ ಪ್ರತ್ಯೇಕವಾಗಿ ಕೇಳಿಸುತ್ತದೆ. ಹತ್ತಿರವಿದ್ದರೆ ಮೂಲದೊಡನೆ ಬೆರೆತುಹೋಗುತ್ತದೆ.

ಹೀಗೆ ಬೆರೆತು ಉಳಿಯುವ ನಾದವೇ ಅನುರಣನ. ‘ರಣ’ ಧಾತುವಿಗೆ ಶಬ್ದ ಮಾಡುವುದೆಂದು ಅರ್ಥ. 9ನೆಯ ಶತಮಾನದ ಆನಂದವರ್ಧನನ ಧ್ವನಿಸಿದ್ಧಾಂತವನ್ನು ವಿವರಿಸುವ ಆಲಂಕಾರಿಕರು, ಘಂಟೆಯ ಅನುರಣನದಂತೆ ವಾಚ್ಯಾರ್ಥದ ಹಿಂದೆಯೇ ವ್ಯಂಗ್ಯಾರ್ಥ ಮೂಡುವುದೆಂದರು. ಘಂಟೆಗೆ ಇದು ಶೋಭೆ.

ನುಡಿಗೆ ಹಾಗಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಭಕ್ತರು ಶ್ರಮಪಟ್ಟು ಸಮುದಾಯ ಭವನಗಳನ್ನು ಕಟ್ಟಿಸುತ್ತಾರೆ. ನುಣುಪಾದ ಗ್ರಾನೈಟ್ ನೆಲ, ಬರಿಯ ಗಿಲಾವು ಗೋಡೆ, ತಗಡಿನ ಮಾಡು ಇವು ಶಬ್ದವನ್ನು ಹೀರುವುದಿಲ್ಲ. ಒಂದಕ್ಷರ ಅಡಗುವ ಮುನ್ನ ಮತ್ತೊಂದು ಅದರ ಮೇಲೆ ಬೀಳುತ್ತದೆ. ಇಂಥಲ್ಲಿ ತಾಯಂದಿರು ವಚನ ಹಾಡಿದರೆ ರಾಗ ತಿಳಿಯುತ್ತದೆ, ಮಾತು ತಿಳಿಯದು. ವಚನವೆಂದರೆ ಮಾತೇ ಅಲ್ಲವೆ? ಧ್ವನಿವರ್ಧಕವನ್ನು ಏರಿಸಿದಷ್ಟೂ ಗದ್ದಲ ಹೆಚ್ಚುತ್ತದೆ. ಇಲ್ಲಿ ಮಾತ್ರ ಲ್ಯಾಟಿನ್ನರ ಚಾವಟಿಯೇ ಸರಿಯಾದ ಹೆಸರೆಂದು ಒಪ್ಪಬೇಕು!

ಜಮಖಾನ, ದಪ್ಪ ಪರದೆ, ಕಿಕ್ಕಿರಿದ ಸಭೆ ಇವು ಶಬ್ದವನ್ನು ಹೀರುತ್ತವೆ. ಕಟ್ಟಡ ಸಮಿತಿಯವರು ಬರಿದಾದ ಭವನದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಆಲಿಸಲಿ. ಸದ್ದು ಅಡಗಲು ಎರಡು ಸೆಕೆಂಡು ಮೀರಿದರೆ, ಅಮೃತಶಿಲೆಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಪರದೆಗೆ ವಿನಿಯೋಗಿಸುವುದು ಲೇಸು.